ಕಲ್ಲಿನ ಕೋಟೆಯ ಮಣ್ಣಿನ ಗೋಡೆಗೆ ಬೇಕಿರುವುದು ವರ್ಷಕ್ಕೊಂದು ಸಾರಣೆ

ಚಿತ್ರದುರ್ಗಕ್ಕೆ ಬಂದವರ ಕಣ್ಣು ಮೊದಲು ಹೋಗುವುದೇ ಕಲ್ಲಿನ ಮೇಲೆ. ಏಳು ಸುತ್ತಿನ ಕೋಟೆ, ಗಾರೆಯಿಲ್ಲದೆ ಒಂದರ ಮೇಲೊಂದು ಕೂತ ದಪ್ಪ ದಪ್ಪ ಕಲ್ಲು, ಓಬವ್ವನ ಕಿಂಡಿ, ಹಿಡಿಂಬೇಶ್ವರನ ಗುಡಿ. ಊರವರೂ ಅದನ್ನು ಕಲ್ಲಿನ ಕೋಟೆ ಅಂತಲೇ ಕರೆಯುತ್ತಾರೆ. ಆದರೆ ಹತ್ತಿ ಒಳಗೆ ಹೋದರೆ ಟಂಕಸಾಲೆ, ಕಚೇರಿ, ಅರಮನೆ ಎಂದು ಗುರುತಿಸುವ ಜಾಗಗಳಲ್ಲಿ ನಿಂತಿರುವುದು ಮಣ್ಣಿನ ಗೋಡೆಗಳು. ಆಳೆತ್ತರ ಮೀರಿದ, ಒಳ್ಳೆ ದಪ್ಪದ, ಮೇಲೆ ಸೂರಿಲ್ಲದ ಗೋಡೆಗಳು. ಜನ ಅಲ್ಲಿ ಒಂದು ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ನನಗೆ ಕೇಳಿದರೆ ಇಡೀ ಕೋಟೆಯಲ್ಲಿ ಜಾಸ್ತಿ ಅಪಾಯದಲ್ಲಿರುವುದು ಇವೇ. ಕಲ್ಲಿನ ಸುತ್ತು ಇನ್ನೂ ಮುನ್ನೂರು ವರ್ಷ ಸುಮ್ನೆ ನಿಂತೀತು. ಮಣ್ಣಿನ ಗೋಡೆಗೆ ಆ ಭಾಗ್ಯ ಇಲ್ಲ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು, ಮದಕರಿ ನಾಯಕನ ಆಳ್ವಿಕೆ ಮುಗಿದ ಮೇಲೆ ಈ ಕಟ್ಟಡಗಳ ಮಾಳಿಗೆ ಯಾವತ್ತೋ ಬಿದ್ದುಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಮಳೆಯಲ್ಲೂ ಗೋಡೆ ಸ್ವಲ್ಪ ಸ್ವಲ್ಪವೇ ಸವೆಯುತ್ತಿದೆ.

ಇಷ್ಟು ಕಾಲವಾದರೂ ನಿಂತಿದೆಯಲ್ಲ ಅನ್ನುವುದೇ ಆಶ್ಚರ್ಯ. ಅದಕ್ಕೆ ಕಾರಣ ಕಟ್ಟಿದ ರೀತಿಯಲ್ಲಿದೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಇಡುವ ಕ್ರಮ ಹಳೆಯ ತಲೆಗಳಿಗೆ ಇನ್ನೂ ಗೊತ್ತು. ಬರೀ ಎರೆಮಣ್ಣು ಆಗುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಹೊಲದಲ್ಲಿ ಬೇಸಿಗೆಗೆ ಬೀಳುವ ಬಿರುಕು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರೀ ಮರಳು ಮಣ್ಣೂ ಆಗದು, ಅದಕ್ಕೆ ಅಂಟಿಲ್ಲ. ಕೆಮ್ಮಣ್ಣು ಬೇಕು, ಅದರಲ್ಲಿ ತುಸು ಗರಸು ಇರಬೇಕು. ಗುಂಡಿಯಲ್ಲಿ ಮಣ್ಣು ಹಾಕಿ, ನೀರು ಬಿಟ್ಟು ನೆನೆಸಿ, ಹುಲ್ಲು ಹೊಟ್ಟು ಸೇರಿಸಿ ಕಾಲಲ್ಲಿ ಚೆನ್ನಾಗಿ ತುಳಿಯುತ್ತಾರೆ. ಕೆಲವು ಕಡೆ ಎತ್ತಿನಿಂದಲೂ ತುಳಿಸುತ್ತಿದ್ದರು. ಆಮೇಲೆ ಮಣ್ಣಿನ ಮುದ್ದೆಗಳನ್ನು ಬಡಿದು ಕೂರಿಸುತ್ತಾ ಒಂದೂವರೆ ಎರಡು ಅಡಿ ಎತ್ತರಕ್ಕೆ ಒಂದು ವರಸೆ ಎಬ್ಬಿಸುತ್ತಾರೆ. ಅದು ಬಿಗಿಯಾದ ಮೇಲೇ ಮುಂದಿನ ವರಸೆ. ಬುಡದಲ್ಲಿ ದಪ್ಪ, ಮೇಲೆ ಹೋಗುತ್ತಾ ತೆಳು. ಹಳೆಯ ಗೋಡೆ ಸವೆದ ಕಡೆ ಹತ್ತಿರದಿಂದ ನೋಡಿ, ವರಸೆ ವರಸೆಯ ನಡುವೆ ಅಡ್ಡ ಗೆರೆ ಕಾಣುತ್ತದೆ, ಹುಲ್ಲಿನ ಎಸಳು ಕೊಳೆತು ಬಿಟ್ಟುಹೋದ ಸಣ್ಣ ತೂತು ಕಾಣುತ್ತದೆ. ಮಳೆ ನೀರು ಮೊದಲು ಕೈ ಹಾಕುವುದು ಆ ಅಡ್ಡ ಗೆರೆಗೇ.

ಒಣಗಿದ ಮಣ್ಣಿನ ಗೋಡೆ ಭಾರ ಹೊರುವುದರಲ್ಲಿ ಹಿಂದೆ ಬೀಳುವುದಿಲ್ಲ. ಅದರ ವೈರಿ ನೀರು ಒಂದೇ. ಆ ನೀರು ಬರುವುದು ಮೂರು ದಾರಿಯಲ್ಲಿ. ಮೇಲಿಂದ ನೇರವಾಗಿ ಬೀಳುವ ಮಳೆ ಗೋಡೆಯ ತಲೆಯನ್ನು ತೊಳೆಯುತ್ತದೆ, ಸೂರಿಲ್ಲದ ಗೋಡೆಯ ತಲೆ ಚೂಪಾಗುತ್ತಾ ಹೋಗುವುದು ಇದರಿಂದ. ಎರಡನೆಯದು ನೆಲಕ್ಕೆ ಬಿದ್ದು ಸಿಡಿಯುವ ಹನಿ. ಇದು ಬುಡದ ಒಂದು ಮೊಳವನ್ನು ಕೊರೆಯುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು, ಹಾಗಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು. ನೆಲದ ತೇವ ಗೋಡೆಯೊಳಗೆ ಮೇಲಕ್ಕೆ ಏರುತ್ತದೆ. ಬರುವಾಗ ಮಣ್ಣಿನ ಉಪ್ಪನ್ನೂ ಕರಗಿಸಿ ಹೊತ್ತು ತರುತ್ತದೆ. ಗೋಡೆಯ ಹೊರಮೈಗೆ ಬಂದಾಗ ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಹರಳುಗಟ್ಟುವಾಗ ಅದಕ್ಕೆ ಜಾಗ ಬೇಕು, ಸುತ್ತಲಿನ ಮಣ್ಣನ್ನು ಒಡೆದುಕೊಂಡು ಜಾಗ ಮಾಡಿಕೊಳ್ಳುತ್ತದೆ. ಬುಡದಲ್ಲಿ ಬೆಳ್ಳಗೆ ಹಿಟ್ಟು ಉದುರಿದ ಹಾಗೆ ಕಂಡರೆ ಅದು ಇದೇ. ಸಿಡಿಯುವ ಹನಿ ಮತ್ತು ಉಪ್ಪು ಸೇರಿ ಬುಡವನ್ನು ತಿನ್ನುತ್ತಾ ಹೋದರೆ, ಮೇಲೆ ಎಷ್ಟೇ ಗಟ್ಟಿಯಿದ್ದರೂ ಒಂದು ದಿನ ಇಡೀ ಗೋಡೆ ಅಡ್ಡಬೀಳುತ್ತದೆ. ಮಣ್ಣಿನ ಗೋಡೆಗಳು ಸಾಮಾನ್ಯವಾಗಿ ಸಾಯುವುದು ತಲೆಯಿಂದಲ್ಲ, ಬುಡದಿಂದ.

ಇಲ್ಲಿ ನಮ್ಮ ಜಿಲ್ಲೆಯ ಮಳೆಯ ಬಗ್ಗೆ ಒಂದು ಮಾತು. ಚಿತ್ರದುರ್ಗದ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಆಗುಂಬೆಯ 7,000 ದಾಟುವ ಮಳೆಯ ಮುಂದೆ ಇದು ಏನೂ ಅಲ್ಲ. ಇಷ್ಟು ಕಡಿಮೆ ಮಳೆ ಬೀಳುವುದಕ್ಕೇ ಮಣ್ಣಿನ ಗೋಡೆ ಇಲ್ಲಿಯವರೆಗೆ ಬದುಕಿತು ಅನ್ನಬಹುದು. ಆದರೆ ಒಣ ಸೀಮೆಯ ಮಳೆಗೆ ಹದ ಇರುವುದಿಲ್ಲ. ತಿಂಗಳುಗಟ್ಟಲೆ ಮುಖ ತೋರಿಸದೆ, ಹಸ್ತ ಚಿತ್ತದ ಹೊತ್ತಿಗೆ ಬಂದು ಒಂದೇ ರಾತ್ರಿಗೆ ಸುರಿದು ಹೋಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ಆಮೇಲೆ 2025ರಲ್ಲೂ ಬಿತ್ತು, ಅದಕ್ಕೆ ಭದ್ರೆಯ ನೀರೂ ಸೇರಿತ್ತು ಅನ್ನಿ. ರೈತನಿಗೆ 2022 ಸಂಭ್ರಮದ ವರ್ಷ. ಮೇಲ್ದುರ್ಗದ ಮಣ್ಣಿನ ಗೋಡೆಗೆ ಅಂಥ ವರ್ಷ ಒಂದೇ ಸಾಕು, ಹತ್ತು ವರ್ಷದ ಸವೆತ ಒಂದೇ ಹಂಗಾಮಿನಲ್ಲಿ ಆಗಿಬಿಡುತ್ತದೆ. ಹವಾಮಾನ ಬದಲಾವಣೆ ಅನ್ನುವ ದೊಡ್ಡ ಮಾತು ಇಲ್ಲಿ ಇಷ್ಟು ಸರಳ: ಮಳೆಯ ಒಟ್ಟು ಲೆಕ್ಕ ಅಷ್ಟೇ ಇದ್ದರೂ ಅದು ಬೀಳುವ ರಭಸ ಜಾಸ್ತಿಯಾದರೆ ಮಣ್ಣಿಗೆ ಕೇಡು.

ಸರಿ, ಉಳಿಸುವುದು ಹೇಗೆ? ಯಾರನ್ನೇ ಕೇಳಿ, ಮೊದಲು ಬಾಯಿಗೆ ಬರುವ ಉತ್ತರ ಸಿಮೆಂಟು. ಮೇಲೆ ಒಂದು ಪದರ ಬಳಿದುಬಿಟ್ಟರೆ ಆಯ್ತಲ್ಲ ಅನ್ನುತ್ತಾರೆ. ಆಗುವುದಿಲ್ಲ. ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಬಳಿದರೆ ಬೆವರುವ ಮೈಗೆ ಪ್ಲಾಸ್ಟಿಕ್ ಹೊದಿಸಿದ ಹಾಗೆ. ಬುಡದಿಂದ ಏರಿದ ತೇವ ಹೊರಬರಲು ದಾರಿ ಸಿಗದೆ ಇನ್ನೂ ಮೇಲಕ್ಕೆ ಏರುತ್ತದೆ. ಉಪ್ಪು ಸಿಮೆಂಟಿನ ಹಿಂದೆ ಸೇರಿಕೊಳ್ಳುತ್ತದೆ. ಎರಡರ ಗಟ್ಟಿತನವೂ ಬೇರೆ, ಬಿಸಿಲಿಗೆ ಹಿಗ್ಗುವ ಪರಿಯೂ ಬೇರೆ, ಹಾಗಾಗಿ ಸಿಮೆಂಟಿನಲ್ಲಿ ಕೂದಲೆಳೆ ಬಿರುಕು ಬಿದ್ದೇ ಬೀಳುತ್ತದೆ. ಆ ಬಿರುಕಿನಿಂದ ಒಳಹೋದ ಮಳೆನೀರು ವಾಪಸ್ ಬರುವುದಿಲ್ಲ. ನಾಲ್ಕೈದು ವರ್ಷ ಹೊರಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಒಂದು ದಿನ ಸಿಮೆಂಟಿನ ಹಾಳೆ ದಪ್ಪಗೆ ಕಿತ್ತು ಬೀಳುತ್ತದೆ, ಬೀಳುವಾಗ ಹಿಂದಿನ ಮೂಲ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ. ಹಳ್ಳಿಯಲ್ಲಿ ಮಣ್ಣಿನ ಗೋಡೆಗೆ ಪ್ಲಾಸ್ಟರ್ ಮಾಡಿಸಿದವರ ಮನೆಗಳಲ್ಲಿ ಇದನ್ನು ನೋಡಬಹುದು. ಬಡಿದರೆ ಡೊಳ್ಳು ಡೊಳ್ಳು ಸದ್ದು ಬರುತ್ತದೆ.

ರಾಸಾಯನಿಕ ಸಿಂಪಡಿಸುವ ದಾರಿಯೂ ಇದೆ. ಈಥೈಲ್ ಸಿಲಿಕೇಟ್ ಥರದವು ಮಣ್ಣಿನ ಕಣಗಳನ್ನು ಬೆಸೆಯುತ್ತವೆ. ಆದರೆ ದಪ್ಪ ಗೋಡೆಯಲ್ಲಿ ಅವು ಇಳಿಯುವುದು ಮೇಲಿನ ಸ್ವಲ್ಪ ಭಾಗಕ್ಕೆ ಮಾತ್ರ. ಮೇಲೆ ಗಟ್ಟಿ ಸಿಪ್ಪೆ, ಒಳಗೆ ಹಳೆಯ ಮೆತ್ತನೆ ಮಣ್ಣು ಅಂತಾದರೆ ಸಿಪ್ಪೆ ಸುಲಿದು ಬರುತ್ತದೆ. ದುಬಾರಿ ಬೇರೆ. ಚಿತ್ರ ಬರೆದ ಗೋಡೆ, ಉಬ್ಬು ಕೆಲಸದ ತುಂಡು ಇಂಥ ಸಣ್ಣ ಜಾಗಕ್ಕೆ ಸರಿ.

ಸೂರು ಹಾಕುವುದು ಇನ್ನೊಂದು. ಅಮೆರಿಕದ ಅರಿಜೋನಾದಲ್ಲಿ ಕಾಸಾ ಗ್ರಾಂಡೆ ಎಂಬ ದೊಡ್ಡ ಮಣ್ಣಿನ ಮನೆಯಿದೆ. ಅದಕ್ಕೆ ಸರ್ಕಾರದ ರಕ್ಷಣೆ ಸಿಕ್ಕಿದ್ದು 1892ರಲ್ಲಿ. ಅಲ್ಲಿ 1932ರಲ್ಲಿ ಮನೆಯ ಮೇಲೆ ಎತ್ತರದ ಉಕ್ಕಿನ ಸೂರು ನಿಲ್ಲಿಸಿದರು, ಇವತ್ತಿಗೂ ಇದೆ. ಕೆಲಸ ಮಾಡುತ್ತಿದೆ. ಆದರೆ ದುರ್ಗದಲ್ಲಿ ಇದನ್ನು ನಕಲು ಮಾಡುವ ಮೊದಲು ಸುತ್ತಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಒಮ್ಮೆ ನೋಡಬೇಕು. ಆ ಗಾಳಿಗೆ ತಗಡು ನಿಲ್ಲಬೇಕಾದರೆ ಆಳದ ಅಡಿಪಾಯ ಬೇಕು, ಅಡಿಪಾಯ ತೋಡಿದರೆ ಕೆಳಗಿರುವ ಹಳೆಯ ಪದರಗಳಿಗೇ ಏಟು. ಸೂರಿನ ಅಂಚಿನಿಂದ ಒಂದೇ ಗೆರೆಯಲ್ಲಿ ಬೀಳುವ ನೀರಿಗೂ ಚರಂಡಿ ಬೇಕು. ಇಲ್ಲದಿದ್ದರೆ ಬುಡ ಕೊರೆಯುವ ಕೆಲಸವನ್ನು ನಾವೇ ವೇಗವಾಗಿ ಮಾಡಿಕೊಟ್ಟ ಹಾಗೆ.

ಹಾಗಾದರೆ ಉಳಿಯುವುದು ಹಳೆಯ ದಾರಿಯೇ. ಮಣ್ಣಿಗೆ ಮಣ್ಣು. ಮೂಲ ಗೋಡೆಯ ಮೇಲೆ ಅದೇ ಜಾತಿಯ ಮಣ್ಣಿನಿಂದ ಒಂದು ಸಾರಣೆ ಮಾಡಬೇಕು, ತಲೆಯ ಮೇಲೆ ಇಳಿಜಾರಾಗಿ ಒಂದು ಮಣ್ಣಿನ ಟೋಪಿ ಕೂರಿಸಬೇಕು. ಮಳೆ ಬಂದಾಗ ಈ ಹೊಸ ಪದರ ಸವೆಯುತ್ತದೆ. ಸವೆಯಲಿ ಅಂತಲೇ ಹಾಕಿದ್ದು. ಅದು ಏಟು ತಿನ್ನುತ್ತದೆ, ಒಳಗಿನ ಹಳೆಯದು ಬದುಕುತ್ತದೆ. ಮುಂದಿನ ವರ್ಷ ಮತ್ತೆ ಹಾಕಬೇಕು. ಆಫ್ರಿಕಾದ ಮಾಲಿ ದೇಶದ ಜೆನ್ನೆ ಊರಿನಲ್ಲಿ ದೊಡ್ಡ ಮಣ್ಣಿನ ಮಸೀದಿಯಿದೆ. ಅಲ್ಲಿ ಸಾರಣೆ ಅನ್ನುವುದು ಊರ ಹಬ್ಬ. ಗಾರೆಯವರ ಮುಂದಾಳತ್ವದಲ್ಲಿ ಊರಿಗೆ ಊರೇ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಬಳಿಯುತ್ತದೆ. ಇನ್ನೊಂದು ಕಡೆ ಪೆರು ದೇಶದ ಚಾನ್ ಚಾನ್ ನೋಡಿ. ಮಣ್ಣಿನಲ್ಲಿ ಕಟ್ಟಿದ ಮಹಾನಗರ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಅದೇ ವರ್ಷ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಹೆಸರು ಬಂದ ಮಾತ್ರಕ್ಕೆ ಮಣ್ಣು ಉಳಿಯುವುದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬಂದೇ ಬರುತ್ತದೆ. ಹೊಸ ಮಣ್ಣು ಬಳಿದರೆ ಅದು ಹಳೆಯ ಗೋಡೆ ಹೇಗಾಯಿತು? ನೋಡುವವರಿಗೆ ಕಾಣುವುದು ಕಳೆದ ವರ್ಷದ ಮಣ್ಣು, ನಾಯಕರ ಕಾಲದ್ದಲ್ಲ ಅಲ್ವಾ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಯಕರ ಕಾಲದಲ್ಲೂ ಆ ಗೋಡೆ ಇಷ್ಟು ಬೆತ್ತಲೆಯಾಗಿ ನಿಂತಿರಲಿಲ್ಲ. ಮೇಲೆ ಮಾಳಿಗೆಯಿತ್ತು, ಮೈಗೆ ಸಾರಣೆಯಿತ್ತು. ನಾವು ಈಗ ನೋಡುತ್ತಿರುವುದು ಗೋಡೆಯ ಒಳಮೈಯನ್ನು, ಕಟ್ಟಿದವನು ಯಾರಿಗೂ ತೋರಿಸಬೇಕೆಂದುಕೊಳ್ಳದ ಭಾಗವನ್ನು. ಬೇಕಿದ್ದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ತೆಳು ಮರಳಿನ ಪದರವನ್ನೋ ಬೇರೆ ಬಣ್ಣದ ಮಣ್ಣನ್ನೋ ಇಡಬಹುದು, ನಾಳೆ ಯಾರಾದರೂ ಕೆರೆದು ನೋಡಿದರೆ ಗಡಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಗೊಂದಲವೇ ಇಲ್ಲ. ಫೋಟೊಗೆ ಚೆಂದ ಕಾಣುವ ಸವೆತಕ್ಕಿಂತ ಮುಚ್ಚಿಟ್ಟ ಗೋಡೆ ಮೇಲು.

ಈ ವಿದ್ಯೆಗೆ ನಾವು ಮಾಲಿಗೋ ಪೆರುಗೋ ಹೋಗಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಯ ಮಾಳಿಗೆ ಮನೆಗಳೇ ಪಾಠಶಾಲೆ. ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಬಂದರೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು ಹಾಕಿ ಬಡಿಯುತ್ತಾರೆ. ಎಲ್ಲಕ್ಕೂ ಮೇಲೆ ಕರಲು ಮಣ್ಣು. ಪೈರು ಬೆಳೆಯದ ಚೌಳು ನೆಲದ ಈ ಮಣ್ಣು ಮಾಳಿಗೆಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಸೋಡಿಯಂ ಅಂಶ ಜಾಸ್ತಿ. ನೀರು ತಾಗಿದ ಕೂಡಲೇ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ, ಸಣ್ಣ ಸಣ್ಣ ರಂಧ್ರಗಳಿಗೆ ಹೋಗಿ ಕೂತು ಮುಚ್ಚಿಬಿಡುತ್ತವೆ. ಆಮೇಲೆ ಬಿದ್ದ ನೀರು ಒಳಗೆ ಇಳಿಯದೆ ಜಾರಿ, ನೀರು ಹೊರಬಿಡುವ ದೋಣಿಯ ಕಡೆ ಹರಿಯುತ್ತದೆ. ಹೊಲ ಹಾಳು ಮಾಡುವ ಗುಣವನ್ನೇ ಮನೆ ಉಳಿಸಲು ಬಳಸಿದ ಬುದ್ಧಿ ಇದು. ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಹೆಗ್ಗಣದ ತೂತು ಮುಚ್ಚಿ, ಒಂದೆರಡು ಗಾಡಿ ಕರಲು ಹರಡುವುದು ಬಿತ್ತನೆಯಷ್ಟೇ ಖಾಯಂ ಕೆಲಸವಾಗಿತ್ತು.

ಹಾಗಂತ ಕರಲನ್ನು ತಂದು ಕೋಟೆಯ ಗೋಡೆಗೆ ಮೆತ್ತಿಬಿಡಿ ಅಂತ ಹೇಳುತ್ತಿಲ್ಲ. ಮಾಳಿಗೆಯ ಮೇಲೆ ಒಳ್ಳೆಯದಾದದ್ದು ಗೋಡೆಯ ಬುಡದಲ್ಲಿ ವಿಷ, ಯಾಕೆಂದರೆ ಅದು ಉಪ್ಪಿನ ಮಣ್ಣು. ಗೋಡೆಯ ತಲೆಗೆ ಹಾಕಿದರೂ ಉಪ್ಪು ಕೆಳಗಿಳಿಯುವ ಭಯವಿದೆ. ಇದಕ್ಕೆ ಪ್ರಯೋಗ ಮಾಡಿಯೇ ನೋಡಬೇಕು. ಕೋಟೆಯಿಂದ ದೂರ, ಬಯಲಲ್ಲಿ, ಅದೇ ಥರದ ಮಣ್ಣಿನಲ್ಲಿ ನಾಲ್ಕಾರು ಗಿಡ್ಡ ಗೋಡೆ ಕಟ್ಟಿ. ಒಂದಕ್ಕೆ ಬರೀ ಮಣ್ಣು ಹುಲ್ಲಿನ ಸಾರಣೆ, ಒಂದಕ್ಕೆ ಸ್ವಲ್ಪ ಸುಣ್ಣ ಸೇರಿಸಿದ್ದು, ಒಂದಕ್ಕೆ ಸಗಣಿ ಸೇರಿಸಿದ್ದು, ಒಂದಕ್ಕೆ ಬೇಲಿಯ ಪಾಪಾಸುಕಳ್ಳಿಯ ಲೋಳೆ ಬೆರೆಸಿದ್ದು. ಮೆಕ್ಸಿಕೊ, ಪೆರು ಕಡೆ ಕಳ್ಳಿ ಲೋಳೆಯನ್ನು ಮಣ್ಣಿನ ಕೆಲಸಕ್ಕೆ ಬಳಸುತ್ತಾರೆ. ಒಂದನ್ನು ಹಾಗೇ ಬಿಡಿ. ಎರಡು ಮಳೆಗಾಲ ಕಾದು ನೋಡಿ. ನ್ಯೂ ಮೆಕ್ಸಿಕೊದ ಫೋರ್ಟ್ ಸೆಲ್ಡನ್‌ನಲ್ಲಿ 1980ರ ದಶಕದಲ್ಲೇ ಇಂಥ ಪರೀಕ್ಷಾ ಗೋಡೆಗಳನ್ನು ಕಟ್ಟಿ ನೋಡಿದ್ದಾರೆ. ಖರ್ಚೂ ಹೆಚ್ಚಿಲ್ಲ. ಮಣ್ಣಿನ ಕಟ್ಟಡದ ವಿಜ್ಞಾನಕ್ಕಂತೂ ನಮ್ಮ ರಾಜ್ಯದಲ್ಲಿ ಬರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನ ತಲುಪಿಸಲೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ.

ಬರ ಇರುವುದು ಕೈಗಳಿಗೆ. ವಸತಿ ಯೋಜನೆಗಳ ಲೆಕ್ಕದಲ್ಲಿ ಮಣ್ಣಿನ ಮನೆ ಅಂದರೆ ಕಚ್ಚಾ ಮನೆ. ಅದನ್ನು ಕೆಡವಿ ಆರ್‌ಸಿಸಿ ಹಾಕಿದರೆ ದುಡ್ಡು ಸಿಗುತ್ತದೆ, ರಿಪೇರಿ ಮಾಡಿಕೊಳ್ಳುತ್ತೇನೆ ಅಂದರೆ ಇಲ್ಲ. ಜನರನ್ನು ದೂರುವ ಹಾಗಿಲ್ಲ. ಪ್ರತಿ ವರ್ಷ ಮಾಳಿಗೆ ಹತ್ತುವ ತ್ರಾಣ ವಯಸ್ಸಾದವರಿಗಿಲ್ಲ, ಹುಡುಗರು ಬೆಂಗಳೂರಲ್ಲಿದ್ದಾರೆ. ಆದರೆ ಇದರ ಪರಿಣಾಮ ಕೋಟೆಯ ಮೇಲೆ ಬೀಳುತ್ತದೆ. ಮಣ್ಣಿನ ಹದವನ್ನು ಅಂಗೈಯಲ್ಲಿ ಹಿಸುಕಿ ಹೇಳಬಲ್ಲವರ ತಲೆಮಾರು ಮುಗಿದರೆ, ಪರಂಪರೆ ಉಳಿಸಲು ಎಷ್ಟು ಅನುದಾನ ಬಂದರೂ ಕೆಲಸ ಮಾಡುವವರು ಸಿಗುವುದಿಲ್ಲ.

ಅಗೆದ ಜಾಗಗಳ ಕಥೆ ಇನ್ನೂ ಸೂಕ್ಷ್ಮ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಕಲ್ಲಿನ ಕೊಡಲಿಯ ಕಾಲದಿಂದ ಬೃಹತ್ ಶಿಲಾ ಸಮಾಧಿಯವರ ಕಾಲ, ಅಲ್ಲಿಂದ ಶಾತವಾಹನರ ಕಾಲದವರೆಗೆ ಪದರ ಪದರವಾಗಿ ಸಿಕ್ಕಿತು. ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಅದಕ್ಕೂ ಮುಂಚೆ ಎಂ.ಎಚ್. ಕೃಷ್ಣ ಅಗೆಸಿದ್ದರು. ಅಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಇಂಥ ಜಾಗದಲ್ಲಿ ಮಣ್ಣಿನ ನೆಲವೋ ಗೋಡೆಯ ಬುಡವೋ ಸಿಕ್ಕರೆ ಅದು ಸಾವಿರಾರು ವರ್ಷ ಉಳಿದದ್ದೇ ಹೂತುಹೋಗಿದ್ದಕ್ಕೆ. ಮಣ್ಣಿನೊಳಗೆ ತೇವವೂ ಬಿಸಿಯೂ ಹೆಚ್ಚು ಏರುಪೇರಾಗುವುದಿಲ್ಲ. ತೆರೆದ ದಿನದಿಂದ ಅದು ಒಣಗಿ ಬಿರುಕು ಬಿಡಲು ಶುರು. ಹಾಗಾಗಿ ಅಳತೆ, ಚಿತ್ರ, ಫೋಟೊ, ಮಾದರಿ ಎಲ್ಲ ತೆಗೆದುಕೊಂಡ ಮೇಲೆ ಒಂದು ಬಟ್ಟೆ ಹಾಸಿ ಸೋಸಿದ ಮಣ್ಣಿನಿಂದ ಮತ್ತೆ ಮುಚ್ಚುವುದೇ ಒಳ್ಳೆಯ ಸಂರಕ್ಷಣೆ. ಪ್ರವಾಸಿಗೆ ತೋರಿಸಲು ಪಕ್ಕದಲ್ಲಿ ಒಂದು ಮಾದರಿ ಕಟ್ಟಿದರಾಯಿತು. ಉದ್ಘಾಟನೆಗೆ ಬರುವವರಿಗೆ ಮುಚ್ಚಿದ ಗುಂಡಿ ರುಚಿಸುವುದಿಲ್ಲ, ಅದು ಬೇರೆ ಮಾತು. ಇನ್ನು ಹಾಳೂರ ದಿಬ್ಬಗಳ ಮಣ್ಣು ಫಲವತ್ತು ಅಂತ ಹೊಲಕ್ಕೆ ಹೊಡೆಯುವ ರೂಢಿ ಮೊದಲಿಂದ ಇದೆ. ಗಾಡಿಯ ಕಾಲದಲ್ಲಿ ಸಹಿಸಬಹುದಿತ್ತು. ಜೆಸಿಬಿಗೆ ಒಂದು ದಿಬ್ಬ ಎರಡು ದಿನದ ಕೆಲಸ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗುತ್ತಿಲ್ಲ? ಪುರಾತತ್ವ ಸರ್ವೇಕ್ಷಣೆಯ 2014ರ ಸಂರಕ್ಷಣಾ ನೀತಿಯೇ ನಿಯಮಿತ ನಿರ್ವಹಣೆಗೂ ಸಾಂಪ್ರದಾಯಿಕ ಕುಶಲಕರ್ಮಿಗಳಿಗೂ ಒತ್ತು ಕೊಡುತ್ತದೆ. ಕಾಗದದಲ್ಲಿ ಕೊರತೆಯಿಲ್ಲ. ತೊಡಕಿರುವುದು ಹಣ ಬರುವ ರೀತಿಯಲ್ಲಿ. ಸರ್ಕಾರದ ಹಣಕ್ಕೆ ಕಾಮಗಾರಿ ಅಂದರೆ ಗೊತ್ತು: ಶುರುವಾಗಬೇಕು, ಮುಗಿಯಬೇಕು, ಫಲಕ ಹಾಕಬೇಕು. ವರ್ಷ ವರ್ಷ ಅದೇ ಗೋಡೆಗೆ ಅದೇ ಮಣ್ಣು ಬಳಿಯುವ ಕೆಲಸಕ್ಕೆ ಹಣ ಕೇಳಿದರೆ ಆಡಿಟ್‌ನವರು ಹೋದ ವರ್ಷವೇ ಮಾಡಿದ್ದಿರಲ್ಲ ಅನ್ನುತ್ತಾರೆ.

ನಮ್ಮ ಹಿಂದಿನವರು ಇದನ್ನು ಬಗೆಹರಿಸಿಕೊಂಡಿದ್ದರು, ಆದರೆ ಕೆರೆಗಳ ವಿಷಯದಲ್ಲಿ. ಕೆರೆ ಏರಿಯೂ ಮಣ್ಣಿನ ಕಟ್ಟಡವೇ ತಾನೇ. ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನ ಹೇಳುವುದು ಕೆರೆಯ ಕೆಲಸವನ್ನೇ. ದಾವಣಗೆರೆ ಜಿಲ್ಲೆಯ ಸೂಳೆಕೆರೆಯ ಏರಿ ಶತಮಾನಗಳಿಂದ ಎರಡು ಗುಡ್ಡದ ನಡುವೆ ನೀರು ಹಿಡಿದು ನಿಂತಿದೆ. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದ್ದಕ್ಕೆ ದಾನ ಕೊಟ್ಟದ್ದು ಎಷ್ಟು ಸಲ ಬರುತ್ತದೋ, ಹೂಳು ತೆಗೆದು ಏರಿಗೆ ಮಣ್ಣು ಹಾಕುವ ಬಂಡಿಗೆ ದತ್ತಿ ಬಿಟ್ಟದ್ದೂ ಬರುತ್ತದೆ. ಭೂಮಿಯ ಉತ್ಪನ್ನದಿಂದ ಬಂಡಿ ನಡೆಯಬೇಕು, ಯಾರನ್ನೂ ಪ್ರತಿ ವರ್ಷ ಬೇಡುವ ಹಾಗಿಲ್ಲ. ಕೋಟೆಗೆ ಟಿಕೆಟ್ ಹಣ ಬರುತ್ತದೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಇದೇ ಥರ ಮಣ್ಣಿನ ಗೋಡೆಗೆ ಅಂತ ಖಾಯಂ ಬಿಟ್ಟರೆ ಒಬ್ಬ ಅನುಭವಸ್ಥ ಗಾರೆಯವನು, ಮೂರ್ನಾಲ್ಕು ಆಳು, ಹುಲ್ಲು, ಮಣ್ಣು ಇಷ್ಟಕ್ಕೆ ಸಾಕು.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಮಣ್ಣಿನ ಸಾರಣೆಗೆ ಸರಿಯಾದ ಕಾಲ ಶಿವರಾತ್ರಿಯಿಂದ ಯುಗಾದಿಯ ಆಚೀಚೆ. ಬಿಸಿಲು ಪೂರ್ತಿ ಏರಿರುವುದಿಲ್ಲ, ಸಾರಣೆ ನಿಧಾನಕ್ಕೆ ಆರುತ್ತದೆ, ಭರಣಿ ಮಳೆಯ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಸರ್ಕಾರದ ಹೊಸ ವರ್ಷ ಶುರುವಾಗುವುದು ಏಪ್ರಿಲ್ ಒಂದಕ್ಕೆ. ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್ ಮುಗಿಯುವಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಮಳೆಯಲ್ಲಿ ಹಸಿ ಸಾರಣೆ ಮಾಡಿದರೆ ಹಾಕಿದ್ದೆಲ್ಲ ಕೊಚ್ಚಿಹೋಗುತ್ತದೆ. ಮಳೆ ಮುಗಿಯಲಿ ಅಂತ ಕಾದರೆ ಫೆಬ್ರವರಿ ಮಾರ್ಚ್‌ನಲ್ಲಿ ಬಿಲ್ ಮುಗಿಸುವ ಗಡಿಬಿಡಿ, ಒಂದು ಪದರ ಆರುವ ಮೊದಲೇ ಇನ್ನೊಂದನ್ನು ಮೆತ್ತುತ್ತಾರೆ. ಗುತ್ತಿಗೆಯನ್ನು ಕನಿಷ್ಠ ಮೂರು ವರ್ಷಕ್ಕೆ ಕೊಟ್ಟು, ಪ್ರತಿ ವರ್ಷ ಒಂದು ಸಾರಣೆ, ಮೊದಲ ದೊಡ್ಡ ಮಳೆಯಾದ ವಾರದೊಳಗೆ ಒಂದು ತಪಾಸಣೆ, ಬುಡದ ಚರಂಡಿ ಬಿಡಿಸುವುದು, ಜಾಲಿ ಅರಳಿ ಸಸಿ ಕೀಳುವುದು ಇಷ್ಟನ್ನೂ ಅದರಲ್ಲೇ ಬರೆದರೆ ಈ ಗಡಿಬಿಡಿ ತಪ್ಪುತ್ತದೆ. ಗುತ್ತಿಗೆದಾರನ ಅರ್ಹತೆಯ ಕಾಲಂನಲ್ಲಿ ಹಿಂದಿನ ಮೂರು ವರ್ಷದ ವಹಿವಾಟು ಎಷ್ಟು ಕೋಟಿ ಅಂತ ಕೇಳುವ ಬದಲು, ಮಣ್ಣಿನ ಮಾಳಿಗೆ ಹಾಕಿ ಗೊತ್ತಿರುವವರು ಎಷ್ಟು ಜನ ಇದ್ದಾರೆ ಅಂತ ಕೇಳಬೇಕು. ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಹುಡುಕಿದರೆ ಅಂಥವರು ಈಗಲೂ ಸಿಗುತ್ತಾರೆ, ಹೆಚ್ಚಿನವರಿಗೆ ಅರವತ್ತು ದಾಟಿದೆ.